ಟೇಲರ್ ಮೊಲ, ಗರಾಜಿನ ಒಲೆ

ಶನಿವಾರ ಬೆಳಿಗ್ಗೆ ಗರಾಜಿನ ಬಾಗಿಲು ಮೇಲೆ ಹೋಯಿತೆಂದರೆ ನಳಿನಿ ಮೊಲ ಬೇಯಿಸುತ್ತಿದ್ದಾಳೆ ಎಂದು ಬೀದಿಗೆಲ್ಲ ತಿಳಿಯುತ್ತಿತ್ತು. ಬಾಗಿಲು ಹಾಕಿಕೊಂಡು ಪ್ರೊಪೇನ್ ಒಲೆ ಉರಿಸುವಂತಿಲ್ಲ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಾನಿಲ ತುಂಬಿಕೊಳ್ಳುತ್ತದೆ. ಹಾಗಾಗಿ ಬಾಗಿಲು ತೆರೆದೇ ಇರಬೇಕು, ಉತ್ತರದ ಚಳಿಗಾಳಿ ಒಳಗೆ ನುಗ್ಗಲೇಬೇಕು, ಎದುರು ಮನೆಯ ಮುದುಕಿ ನಾಯಿ ಹಿಡಿದುಕೊಂಡು ಹೋಗುತ್ತ "ಸ್ಮೆಲ್ಸ್ ಗುಡ್, ಹನಿ!" ಎನ್ನಲೇಬೇಕು. ಸ್ವೆಟರಿನ ಮೇಲೆ ಜಾಕೆಟ್, ಜಾಕೆಟಿನ ಮೇಲೆ ಏಪ್ರನ್ ಕಟ್ಟಿಕೊಂಡ ನಳಿನಿ ಸೌಟು ಎತ್ತಿ ನಗಲೇಬೇಕು.

ಒಂದೇ ಒಂದು ಗೋಡೆಯ ಆಚೆ, ಬೆಚ್ಚನೆಯ ಅಡುಗೆಮನೆಯಲ್ಲಿ, ನಾಲ್ಕು ಬರ್ನರಿನ ಗ್ಯಾಸ್ ಒಲೆ ಸುಮ್ಮನೆ ಕೂತಿರುತ್ತಿತ್ತು.

ಆ ಒಲೆಯ ಮೇಲೆ ಮಾಂಸ ಏರುವಂತಿರಲಿಲ್ಲ. ಟೆಕ್ಸಾಸಿನ ಆಸ್ಟಿನ್‌ನ ಉತ್ತರಕ್ಕಿರುವ ಈ ಮನೆ ಕೊಂಡಾಗ ಗೃಹಪ್ರವೇಶಕ್ಕೆಂದು ಅತ್ತೆ ರಾಜಲಕ್ಷ್ಮಿ ಮೈಸೂರಿನಿಂದ ಬಂದಿದ್ದರು. ಹಾಲು ಉಕ್ಕಿಸಿ, ಒಲೆಗೆ ಅರಿಶಿನ ಕುಂಕುಮ ಹಚ್ಚಿ, ನಳಿನಿಯ ಕೈ ಹಿಡಿದುಕೊಂಡು ಹೇಳಿದ್ದರು: "ನೀನು ಹೊರಗಡೆ ಏನು ಬೇಕಾದ್ರೂ ತಿನ್ನಮ್ಮ, ನಾನು ಕೇಳಲ್ಲ. ಹಾಲು ಉಕ್ಕಿದ ಒಲೆ ಇದು. ಇದರ ಮೇಲೆ ಮಾತ್ರ ಬೇಡ."

ನಳಿನಿ ಒಪ್ಪಿದ್ದಳು. ಹುಣಸೂರಿನ ಅರಸು ಮನೆತನದ ಹುಡುಗಿ, ಮೈಸೂರಿನ ಅಗ್ರಹಾರದ ಹುಡುಗನನ್ನು ಮೆಚ್ಚಿ ಮದುವೆಯಾಗುವಾಗ ಇಂಥದ್ದೊಂದು ಮಾತು ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಹ್ಯೂಸ್ಟನ್ನಿಗೆ ಹೋದಾಗ ಗೆಳೆಯರ ಮನೆಯಲ್ಲಿ ಕೋಳಿ ತಿಂದು ಬಂದರಾಯಿತು. ಅದೇನು ಅವಳಿಗೆ ದೊಡ್ಡ ತ್ಯಾಗ ಅನಿಸಿರಲಿಲ್ಲ. ಆದರೆ ಈ ಮನೆಗೆ ಮಾಂಸ ತರುವವನು ಗಂಡ ಬದರಿನಾಥನೇ ಆಗುತ್ತಾನೆಂದು ಆಗ ಯಾರು ಕನಸು ಕಂಡಿದ್ದರು?

ಎಲ್ಲಕ್ಕೂ ಮೂಲ ಒಂದು ಕರಿಬೇವಿನ ಗಿಡ. ಹ್ಯೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಯಲ್ಲಿರುವ ಗೆಳೆಯ ಕಲ್ಮೇಶನ ಹೆಂಡತಿ ಐಶ್ವರ್ಯಾ ಕೊಟ್ಟ ಸಸಿ ಅದು. ಚಳಿ ಬಿದ್ದರೆ ಒಳಗೆ, ಬಿಸಿಲು ಬಂದರೆ ಹೊರಗೆ, ಕೂಸಿನ ಹಾಗೆ ಎತ್ತಿಕೊಂಡು ತಿರುಗಿ ಬದರಿನಾಥ ಅದನ್ನು ಮೊಣಕಾಲೆತ್ತರಕ್ಕೆ ತಂದಿದ್ದ. ಒಂದು ಬೆಳಿಗ್ಗೆ ಹಿತ್ತಲಿಗೆ ಬಂದು ನೋಡಿದರೆ ಕುಂಡದಲ್ಲಿ ಕಡ್ಡಿ ಮಾತ್ರ ಇತ್ತು. ಬೇಲಿಯ ಬುಡದಲ್ಲಿ ಮೊಲವೊಂದು ಬಾಯಾಡಿಸುತ್ತ ಕೂತಿತ್ತು.

ಚಿಪ್ ಕಂಪನಿಯಲ್ಲಿ ಅವನ ಪಕ್ಕದ ಸೀಟಿನ ಗ್ಯಾರಿ, "ಏರ್ ರೈಫಲ್ ತಗೋ" ಎಂದ. ಬದರಿನಾಥ ತಿಂಗಳುಗಟ್ಟಲೆ ಓದಿದ. ಓದಿದ ಮೇಲೆ ತಿಳಿದದ್ದು, ಊರ ಮಿತಿಯೊಳಗೆ, ಮನೆಯ ಹಿತ್ತಲಲ್ಲಿ, ಅದನ್ನು ಹಾರಿಸುವಂತಿಲ್ಲ ಎಂದು. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಬದರಿನಾಥ ರೈಫಲ್ ಕೊಂಡ, ಟೇಲರ್ ಊರಿನಾಚೆ ಪೆಕಾನ್ ತೋಟವಿದ್ದ ಗ್ಯಾರಿಯ ಚಿಕ್ಕಪ್ಪನ ಅನುಮತಿ ಪಡೆದ, ಲೈಸೆನ್ಸ್ ಮಾಡಿಸಿದ, ಅವನ ವಯಸ್ಸಿನವರಿಗೆ ಕಡ್ಡಾಯವಲ್ಲದ ಬೇಟೆಗಾರರ ತರಬೇತಿಗೂ ಹೋಗಿ, ಹದಿನಾರರ ಹುಡುಗರ ನಡುವೆ ಕೂತು ಮೊದಲನೆಯವನಾಗಿ ಪಾಸಾದ. ಏರ್ ರೈಫಲ್ಲಿನಿಂದ ಮೊಲ ಹೊಡೆಯಬಹುದು, ಅಳಿಲು ಹೊಡೆಯಬಾರದು, ಏಕೆಂದರೆ ಟೆಕ್ಸಾಸ್ ಕಾನೂನಿನಲ್ಲಿ ಅಳಿಲು ಬೇರೆ ಪಟ್ಟಿ, ಮೊಲ ಬೇರೆ ಪಟ್ಟಿ ಎಂದು ಊಟಕ್ಕೆ ಬಂದವರಿಗೆಲ್ಲ ವಿವರಿಸಿದ. ಕೇಳದವರಿಗೂ ವಿವರಿಸಿದ.

ಹೀಗೆ ಕರಿಬೇವು ತಿಂದ ಮೊಲ ಹಿತ್ತಲಲ್ಲಿ ಆರಾಮಾಗಿ ಉಳಿಯಿತು, ಟೇಲರ್‌ನ ಮೊಲಗಳು ಸತ್ತವು. ಚಿಗುರೊಡೆದ ಕರಿಬೇವಿಗೆ ಕೊನೆಗೆ ತಂತಿಬಲೆ ಸುತ್ತಿದವಳು ನಳಿನಿ.

ಅವನ ಗುರಿಯೇನೋ ಚೆನ್ನಾಗಿತ್ತು. ಮೊದಲ ಸಲ ಹೋದಾಗಲೇ ಎರಡು ಮೊಲ, ಎರಡಕ್ಕೂ ಕಿವಿಯ ಹಿಂದೆ ಒಂದೊಂದೇ ಪೆಲೆಟ್ ಗುಂಡು. ಗ್ಯಾರಿ ಕಲಿಸಿದಂತೆ ಕೈಗೆ ಗ್ಲವ್ಸ್ ಹಾಕಿ, ಅಲ್ಲೇ ಚರ್ಮ ಸುಲಿದು, ಹೊಟ್ಟೆ ಶುದ್ಧ ಮಾಡಿ, ಈಲಿಯ ಮೇಲೆ ರೋಗದ ಗುರುತಾದ ಬಿಳಿ ಚುಕ್ಕೆ ಇದೆಯೇ ಎಂದು ಪರೀಕ್ಷಿಸಿ, ಐಸಿನ ಮೇಲಿಟ್ಟು ತಂದ. ಕೂಲರನ್ನು ಗರಾಜಿನಲ್ಲಿ ಇಳಿಸಿ, "ನಳಿನೀ, ಹೊಡೆದದ್ದನ್ನ ತಿನ್ನಲೇಬೇಕು. ಸುಮ್ಮನೆ ಕೊಂದು ಎಸೆಯೋದು ಪಾಪ. ಬೇಟೆಗಾರನ ಮೊದಲ ನಿಯಮ ಅದು" ಎಂದ.

"ಸರಿ, ತಿನ್ನಿ."

"ನಾನು ಹೇಗೆ ತಿನ್ನಲಿ?"

"ಹೊಡೆದಿದ್ದು ನೀವು ತಾನೇ?"

"ತಿನ್ನೋಳು ನೀನಿದ್ದೀಯಲ್ಲ!" ಎಂದು ಬದರಿನಾಥ ಕಣ್ಣರಳಿಸಿ ಹೇಳಿ, ತಲೆಗೆ ಸ್ನಾನ ಮಾಡಲು ಹೋದ. ಬಂದು ಮೊಸರನ್ನ ತಿಂದ.

ಗರಾಜಿಗೆ ಪ್ರೊಪೇನ್ ಒಲೆ ಬಂದದ್ದು ಆ ವಾರವೇ. ಅಮ್ಮನ ಮಾತೂ ಉಳಿಯಿತು, ಬೇಟೆಯ ನಿಯಮವೂ ಉಳಿಯಿತು, ನೋಡು ಎಷ್ಟು ಸುಲಭ ಎಂದು ಅವನು ಹೆಮ್ಮೆಪಟ್ಟ. ಸುಲಭ ಯಾರಿಗೆ ಎಂದು ನಳಿನಿ ಕೇಳಲಿಲ್ಲ. ಮೊದಲ ಸಲ ಅವಳಿಗೂ ಆಸೆಯಿತ್ತು. ಹುಣಸೂರಿನ ಮನೆಯಲ್ಲಿ ಬೇಟೆ ನಿಂತು ಹೋದದ್ದು ಅವಳು ಹುಟ್ಟುವ ಹೊತ್ತಿಗೆ. ಆದರೆ ಮಸಾಲೆ ನಿಂತಿರಲಿಲ್ಲ. ಅಜ್ಜಿ ಅದನ್ನೇ ಸಾಕಿದ ಮೊಲಕ್ಕೆ, ನಾಟಿ ಕೋಳಿಗೆ ಹಾಕುತ್ತಿದ್ದಳು. ಹುರಿದ ಕೊಬ್ಬರಿ, ಕೊತ್ತಂಬರಿ ಬೀಜ, ಮೆಣಸು, ಗಸಗಸೆ, ಸಿಪ್ಪೆ ಸಮೇತ ಸುಟ್ಟ ಬೆಳ್ಳುಳ್ಳಿ. "ಬೇಟೆ ಮಾಂಸ ಒಂದ್ಸಲ ಕುದಿ ಹತ್ತಿದ ಮೇಲೆ ಕುದಿ ನಿಲ್ಲಬಾರದು ಕಣೇ. ನಿಂತರೆ ಚಕ್ಕಳ" ಎನ್ನುತ್ತಿದ್ದಳು. ಮೊದಲ ದಿನ ಗರಾಜಿನಲ್ಲಿ ಆ ವಾಸನೆ ಎದ್ದಾಗ ನಳಿನಿಗೆ ಚಳಿಯೇ ಗೊತ್ತಾಗಿರಲಿಲ್ಲ.

ಆಮೇಲೆ ಗೊತ್ತಾಯಿತು. ಶನಿವಾರ ಬಂದರೆ ಮೊಲ ಬಂತು. ವಾರವೆಲ್ಲ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಬಂದವಳು ರಜೆಯ ದಿನ ಕಾರು, ಹುಲ್ಲು ಕತ್ತರಿಸುವ ಯಂತ್ರ, ಹಳೆ ಪೇಂಟಿನ ಡಬ್ಬಗಳ ನಡುವೆ ನಿಂತು ಸೌಟು ತಿರುಗಿಸಬೇಕು. ಇದರ ಮೇಲೆ ಬದರಿನಾಥ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು ಸಲಹೆ ಕೊಡುತ್ತಿದ್ದ.

"ಮೆಣಸು ಸ್ವಲ್ಪ ಜಾಸ್ತಿ ಬೇಕೇನೋ. ಕಾಡುಮಾಂಸ ಖಾರ ಎಳೆದುಕೊಳ್ಳುತ್ತಂತೆ."

"ಯಾರು ಹೇಳಿದ್ದು?"

"ಓದಿದೆ."

"ಜನ್ಮದಲ್ಲಿ ಒಂದು ಮೊಟ್ಟೆ ತಿಂದಿದೀರಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ? ಉಪ್ಪು ಸರಿಯಾಗಿದೆಯಾ ನೋಡು."

ಉಪ್ಪಿನ ಮಾತು ಪ್ರತಿ ವಾರ ಬರುತ್ತಿತ್ತು. ನಳಿನಿ ಪ್ರತಿ ವಾರ ಸೌಟನ್ನು ಅವನ ಕಡೆ ಚಾಚುತ್ತಿದ್ದಳು. ಅವನು ಪ್ರತಿ ವಾರ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಊಟವೂ ಅಲ್ಲೇ. ಬೆಂದದ್ದು ಒಳಗೆ ಹೋಗುವಂತಿಲ್ಲ ಎಂದ ಮೇಲೆ ತಿನ್ನುವವರು ಹೊರಗೇ ಇರಬೇಕಲ್ಲ. ನಳಿನಿ ಮಡಚುವ ಕುರ್ಚಿಯ ಮೇಲೆ, ಎಂಟು ವರ್ಷದ ಮಗಳು ಶ್ರಾವಣಿ ಕೂಲರಿನ ಮುಚ್ಚಳದ ಮೇಲೆ. ಜನವರಿಯ ಕೊನೆಯಲ್ಲಿ ಒಂದು ದಿನ, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಮೂಳೆ ಚೀಪುತ್ತಿದ್ದ ಶ್ರಾವಣಿ ಕೇಳಿದಳು:

"ಅಮ್ಮಾ, ವೈ ಡು ವಿ ಈಟ್ ಇನ್ ದ ಗರಾಜ್? ಆರ್ ವಿ ಇನ್ ಟ್ರಬಲ್?"

"ಏನಿಲ್ಲ ಪುಟ್ಟಾ. ತಿನ್ನು."

"ಅಪ್ಪ ಈಸ್ ನಾಟ್ ಇನ್ ಟ್ರಬಲ್. ಹಿ ಷಾಟ್ ಇಟ್."

ನಳಿನಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. ತಾನು ಒಪ್ಪಿಕೊಂಡದ್ದು ತನ್ನ ಮಟ್ಟಿಗೆ. ಈ ಹುಡುಗಿ ಏನನ್ನೂ ಒಪ್ಪಿಕೊಂಡಿರಲಿಲ್ಲ. ಅಮ್ಮನ ಊಟ ಎಂದರೆ ಹೊರಗೆ ಕೂತು ತಿನ್ನುವಂಥದ್ದು ಎಂದು ಅವಳು ಇನ್ನೊಂದು ಚಳಿಗಾಲ ಕಲಿತರೆ ಅದು ಜನ್ಮಕ್ಕೆ ಅಂಟಿಕೊಳ್ಳುತ್ತದೆ.

ಆ ಸಂಜೆ ಬದರಿನಾಥ ಊಟದ ಮೇಜಿನ ಮೇಲೆ ಪುಟ್ಟ ತಕ್ಕಡಿಯಿಟ್ಟುಕೊಂಡು ಪೆಲೆಟ್‌ಗಳನ್ನು ಒಂದೊಂದಾಗಿ ತೂಗುತ್ತಿದ್ದ. ತೂಕ ಒಂದೇ ಇದ್ದರೆ ಗುರಿ ತಪ್ಪುವುದಿಲ್ಲವಂತೆ.

"ರೀ, ನಾನು ಇನ್ಮೇಲೆ ಒಳಗೆ ಅಡುಗೆ ಮಾಡ್ತೀನಿ. ಮೊಲಾನೂ ಸೇರಿಸಿ."

ಬದರಿನಾಥ ತಲೆಯೆತ್ತಿದ. "ಅಮ್ಮನಿಗೆ ಮಾತು ಕೊಟ್ಟಿದ್ದೀವಲ್ಲ."

"ಕೊಟ್ಟಿದ್ದು ನಾನು. ಕೊಟ್ಟಾಗ ನಿಮ್ಮ ಕೈಯಲ್ಲಿ ಕೋವಿ ಇರಲಿಲ್ಲ."

"ಕೋವಿ ಅಲ್ಲ ಅದು, ಏರ್ ರೈಫಲ್. ಎರಡಕ್ಕೂ ಕಾನೂನಿನಲ್ಲಿ..."

"ರೀ!"

ಅವನು ಚಿಮಟ ಕೆಳಗಿಟ್ಟ. "ಕಲ್ಮೇಶ, ದುಷ್ಯಂತ್ ಎಲ್ಲ ಬರ್ತಿದ್ದಾರೆ. ಬೇಟೆ ಊಟ ಹಾಕ್ತೀನಿ ಅಂತ ಹೇಳಿಬಿಟ್ಟಿದ್ದೀನಿ. ಅದೊಂದು ಮುಗೀಲಿ, ಆಮೇಲೆ ಮಾತಾಡೋಣ."

"ಹಾಕ್ತೀನಿ ಅಂತ ಹೇಳಿದ್ರಾ? ನೀವು ಹಾಕ್ತೀರಾ?"

"ಅಂದ್ರೆ, ನಾವು."

"ಆಯ್ತು, ಮಾಡ್ತೀನಿ. ಆದರೆ ಗರಾಜಿನಲ್ಲಿ ಇದೇ ಕೊನೆ. ಆಮೇಲೆ ಒಂದೋ ಮೊಲ ಒಳಗೆ ಬರುತ್ತೆ, ಇಲ್ಲಾ ನಿಮ್ಮ ರೈಫಲ್ ಹೊರಗೆ ಹೋಗುತ್ತೆ. ಯಾವುದು ಅಂತ ನೀವೇ ಹೇಳಿ."

ಬದರಿನಾಥ ಒಂದು ಪೆಲೆಟ್ ಎತ್ತಿ ತಕ್ಕಡಿಯ ಮೇಲಿಟ್ಟ.

*

ಬೇಟೆ ಊಟ ನಿಗದಿಯಾದದ್ದು ಫೆಬ್ರವರಿಯ ಎರಡನೆಯ ಶನಿವಾರಕ್ಕೆ. ಆ ವಾರ ಗುರುವಾರ ಬದರಿನಾಥ ಅಂಗಡಿಗೆ ಹೊರಟಾಗ ನಳಿನಿ ಬಾಗಿಲವರೆಗೂ ಹೋಗಿ ಹೇಳಿದ್ದಳು: "ಸಿಲಿಂಡರ್ ಬದಲಾಯಿಸಿಕೊಂಡು ಬನ್ನಿ. ಹೋದ ವಾರವೇ ಉರಿ ಸಣ್ಣಗಾಗಿತ್ತು." ಹೂಂ ಎಂದು ಹೋದ. ಶುಕ್ರವಾರ ಸಂಜೆಯ ಹೊತ್ತಿಗೆ ಅತಿಥಿಗಳು ಬಂದಿಳಿದರು. ಮಿಸೌರಿ ಸಿಟಿಯಿಂದ ಕಲ್ಮೇಶ ಮತ್ತು ಐಶ್ವರ್ಯಾ, ಜೋಳದ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಸಮೇತ. ಡಲ್ಲಾಸ್‌ನಿಂದ ನಳಿನಿಯ ಚಿಕ್ಕಮ್ಮನ ಮಗ ದುಷ್ಯಂತ್, ರಾಗಿ ಹಿಟ್ಟು ಮತ್ತು ದೊಡ್ಡ ಹಸಿವಿನ ಸಮೇತ. ಮೂರು ಗಂಟೆ ಡ್ರೈವ್ ಮಾಡಿ ಬಂದವರು, ಮಾರನೆಯ ದಿನ ಮೊಲದ ಸಾರು ತಿನ್ನದೆ ಹಿಂತಿರುಗುವವರಲ್ಲ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಆಸ್ಟಿನ್‌ನಲ್ಲಿ ಅಪರೂಪಕ್ಕೆ ಹಿಮ ಬಿದ್ದಿತ್ತು. ಶ್ರಾವಣಿ ಕುಣಿದಳು. ನಳಿನಿ ಗರಾಜಿನ ಬಾಗಿಲು ಎತ್ತಿದಳು. ಗಾಳಿ ಚಾಕುವಿನ ಹಾಗೆ ಬಂತು.

ಮೂರು ಮೊಲ ಒಂದೇ ಪಾತ್ರೆಯಲ್ಲಿ. ಈರುಳ್ಳಿ ಬಾಡಿಸುವಾಗಲೇ ಉರಿ ಎರಡು ಸಲ ಆರಿತು. ಟಿವಿಯ ಹಳೆಯ ರಟ್ಟಿನ ಪೆಟ್ಟಿಗೆ ಬಿಚ್ಚಿ ಗಾಳಿಗೆ ಅಡ್ಡ ಹಿಡಿದು ನಿಂತದ್ದು ಕಲ್ಮೇಶ.

"ವೈನಿ, ವಾಸನಿಗೇ ಅರ್ಧ ಹೊಟ್ಟಿ ತುಂಬಿತ್ರಿ. ಆದ್ರ ನನಗೊಂದು ತಿಳೀವಲ್ತು. ಒಳಗ ಅಷ್ಟು ಚಂದದ ಒಲಿ ಇಟ್ಕೊಂಡು ಇಲ್ಲಿ ಹಿಮದಾಗ ಯಾಕ್ರಿ ನಿಂತೀರಿ?"

"ನಿಮ್ಮ ಗೆಳೆಯರನ್ನ ಕೇಳಿ."

ಗೆಳೆಯ ಬಾಗಿಲಲ್ಲಿದ್ದ, ಕಾಫಿ ಲೋಟದ ಸಮೇತ. "ಅದು ಹಾಲುಕ್ಕಿಸಿದ ಒಲೆ ಕಣೋ. ಒಂದು ಸಂಪ್ರದಾಯ."

"ಹಂಗಾರ ಮೊಲಾ ಹೊಡಿಯೂದು ಯಾ ಸಂಪ್ರದಾಯಪಾ? ನಿಮ್ಮ ಅಗ್ರಹಾರದಾಗ ದಿನಾ ಹೊಡೀತಿದ್ರೇನು?"

ದುಷ್ಯಂತ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ಸಂಧ್ಯಾವಂದನೆ ಮುಗಿಸಿ ಹೊರಡ್ತಿದ್ರಾ?"

ಬದರಿನಾಥನಿಗೆ ನಗು ಬರಲಿಲ್ಲ. "ಹೊಡೆದವನಿಗೆ ಜವಾಬ್ದಾರಿ ಇರುತ್ತೆ ಕಣ್ರಪ್ಪಾ. ಕಡ್ಡಿಯಷ್ಟೂ ವೇಸ್ಟ್ ಆಗಬಾರದು. ನಳಿನೀ, ಉಪ್ಪು ಸರಿಯಾಗಿದೆಯಾ?"

ನಳಿನಿ ಸೌಟು ಚಾಚಲಿಲ್ಲ. ಮಸಾಲೆ ಸುರಿದು, ಅಜ್ಜಿಯ ಪಾಠದಂತೆ ಬಿಸಿನೀರು ಸೇರಿಸಿ, ಮುಚ್ಚಳ ಮುಚ್ಚಿದಳು. ಕುದಿ ಹತ್ತಿತು. ಐಶ್ವರ್ಯಾ ಒಳಗೆ ರೊಟ್ಟಿ ಬಿಸಿಮಾಡಲು ಹೋದಳು. ಇನ್ನೇನು ಮಾಂಸ ಅರ್ಧ ಬೆಂದಿರಬೇಕು, ಒಲೆ ಒಮ್ಮೆ ಪುಸಕ್ಕೆಂದು ನೀಲಿಯಿಂದ ಹಳದಿಗೆ ತಿರುಗಿ, ಗುಬ್ಬಿಯ ಕೊಕ್ಕಿನಷ್ಟಾಗಿ, ಆರಿಹೋಯಿತು.

"ಗಾಳಿ" ಎಂದ ಬದರಿನಾಥ.

"ಗಾಳಿ ಅಲ್ಲೋ, ನಾ ಇಲ್ಲಿ ಗ್ವಾಡಿ ಹಂಗ ನಿಂತೀನಿ" ಎಂದ ಕಲ್ಮೇಶ.

ಲೈಟರ್ ಹಿಡಿದರು, ಹತ್ತಲಿಲ್ಲ. ಬದರಿನಾಥ ಮಂಡಿಯೂರಿ ಸಿಲಿಂಡರ್ ಅಲ್ಲಾಡಿಸಿದ. ಆಮೇಲೆ ಒಳಗಿನಿಂದ ಚೊಂಬಿನಲ್ಲಿ ಬಿಸಿನೀರು ತಂದು ಅದರ ಪಕ್ಕೆಗೆ ಸುರಿದು, ಅಂಗೈಯಿಂದ ಮೇಲಿನಿಂದ ಕೆಳಗೆ ಸವರಿದ. ದ್ರವ ಇರುವಷ್ಟು ಭಾಗ ತಣ್ಣಗಿರುತ್ತದೆ, ಖಾಲಿ ಭಾಗ ಬೆಚ್ಚಗಾಗುತ್ತದೆ ಎಂದು ದುಷ್ಯಂತನಿಗೆ ವಿವರಿಸಿದ. ಸಿಲಿಂಡರ್ ತಲೆಯಿಂದ ಬುಡದವರೆಗೂ ಬೆಚ್ಚಗಿತ್ತು.

"ಖಾಲಿ" ಎಂದು ತೀರ್ಪು ಕೊಟ್ಟ.

"ಗುರುವಾರ ನಾನೇನು ಹೇಳಿದ್ದೆ?" ನಳಿನಿಯ ದನಿ ಬಹಳ ಮೆತ್ತಗಿತ್ತು.

"ಸಿಲಿಂಡರ್ ಬದಲಾಯಿಸಿಕೊಂಡು ಬನ್ನಿ ಅಂತ."

"ನೀವೇನು ತಂದ್ರಿ?"

ಬದರಿನಾಥ ಕಲ್ಮೇಶನನ್ನು ನೋಡಿದ. ಕಲ್ಮೇಶ ರಟ್ಟಿನ ಹಿಂದೆ ಮರೆಯಾದ.

"ಪೆಲೆಟ್" ಎಂದ ಬದರಿನಾಥ. "ಹೊಸ ಥರದ್ದು ಬಂದಿತ್ತು. ಈಗ ಹೋಗಿ ತರ್ತೀನಿ. ಅಂಗಡಿ ಏನು ದೂರ?"

"ರೋಡೆಲ್ಲ ಜಾರ್ತಿದೆ ಭಾವ. ನೀವು ಹೋಗಿ ಬರೋ ಹೊತ್ತಿಗೆ ಇದು ಚಪ್ಪಲಿ ಆಗಿರುತ್ತೆ."

ಪಾತ್ರೆಯೊಳಗೆ ಗುಳುಗುಳು ನಿಧಾನವಾಗುತ್ತಿತ್ತು. ನಳಿನಿ ಅದನ್ನು ಕೇಳಿಸಿಕೊಂಡಳು. ಕುದಿ ನಿಲ್ಲಬಾರದು ಕಣೇ. ಕೂಲರಿನ ಮೇಲೆ, ತನ್ನ ಜಾಗದಲ್ಲಿ, ಶ್ರಾವಣಿ ಆಗಲೇ ತಟ್ಟೆ ಹಿಡಿದು ಕೂತಿದ್ದಳು. ಯಾರೂ ಹೇಳದೆ, ತಾನಾಗಿ.

ನಳಿನಿ ಏಪ್ರನ್ನಿನ ಎರಡು ತುದಿ ಕೈಗೆ ಸುತ್ತಿಕೊಂಡು ಪಾತ್ರೆ ಎತ್ತಿದಳು. ಭಾರವಾಗಿತ್ತು. ನೇರವಾಗಿ ಅಡುಗೆಮನೆಯ ಬಾಗಿಲಿಗೆ ನಡೆದಳು. ಬದರಿನಾಥ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತ.

"ನಳಿನೀ..."

"ಕೈ ಸುಡ್ತಿದೆ. ಸರೀರಿ."

"ಅಮ್ಮ..."

"ನಿಮ್ಮಮ್ಮ ಮೈಸೂರಲ್ಲಿದ್ದಾರೆ. ಮೊಲ ಇಲ್ಲಿದೆ. ವೇಸ್ಟ್ ಮಾಡಬಾರದು ಅಂದ್ರಲ್ಲ? ಇದನ್ನ ಚೆಲ್ಲಲಾ? ಹೇಳಿ, ಚೆಲ್ತೀನಿ. ಹೊಡೆದವರು ನೀವು, ಹೇಳಬೇಕಾದವರೂ ನೀವೇ."

ಮೂರು ಮೊಲ. ಕಿವಿಯ ಹಿಂದೆ ಒಂದೊಂದೇ ಪೆಲೆಟ್. ಬದರಿನಾಥ ಪಾತ್ರೆಯನ್ನು ನೋಡಿದ, ಹೆಂಡತಿಯ ಕೆಂಪಾದ ಬೆರಳುಗಳನ್ನು ನೋಡಿದ, ಅವಳ ಹಿಂದೆ ಕೂಲರಿನ ಮೇಲೆ ಕೂತ ಮಗಳನ್ನು ನೋಡಿದ.

ಅವನು ತಿರುಗಿ ಒಳಗೆ ಹೋದ. ಒಲೆಯ ದೊಡ್ಡ ಬರ್ನರಿನ ಮೇಲೆ ಅವನದೇ ತೊವ್ವೆ ಕುದಿಯುತ್ತಿತ್ತು. ಅದನ್ನು ಇಕ್ಕಳದಲ್ಲಿ ಹಿಡಿದು ಹಿಂದಿನ ಸಣ್ಣ ಬರ್ನರಿಗೆ ಸರಿಸಿದ. ದೊಡ್ಡದರ ಉರಿ ಏರಿಸಿದ. ಎಕ್ಸಾಸ್ಟ್ ಫ್ಯಾನ್ ಹಾಕಿದ.

"ಇಲ್ಲಿಡು. ಇದಕ್ಕೇ ಉರಿ ಜಾಸ್ತಿ" ಎಂದ.

ನಳಿನಿ ಇಟ್ಟಳು. ಅರೆ ನಿಮಿಷ ಏನೂ ಆಗಲಿಲ್ಲ. ಆಮೇಲೆ ಪಾತ್ರೆಯ ಅಂಚಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು, ಇನ್ನೊಂದು, ಮತ್ತೆ ಎಲ್ಲ ಕಡೆಯಿಂದ. ಅವಳು ಉಸಿರು ಬಿಟ್ಟಳು. ಹಿಂದೆ ನಿಂತ ಬದರಿನಾಥ ಕೊರಳು ಚಾಚಿ ನೋಡುತ್ತ, "ಮೆಣಸು ಮಾತ್ರ ಒಂದು ಚಿಟಿಕೆ..." ಎಂದು ಶುರುಮಾಡಿದ.

"ರೀ. ಹೋಗಿ ತಟ್ಟೆ ಹಾಕಿ."

ಅವನು ಹೋಗಿ ತಟ್ಟೆ ಹಾಕಿದ. ಮೇಜಿನ ಮೇಲೆ, ಎಲ್ಲರಿಗೂ. ಪೆಲೆಟ್ ತೂಗುವ ತಕ್ಕಡಿಯನ್ನು ತೆಗೆದು ಕಪಾಟಿನಲ್ಲಿಟ್ಟ. ಶ್ರಾವಣಿ ಟೋಪಿ, ಜಾಕೆಟ್ ಕಳಚಿ ಅಪ್ಪನ ಪಕ್ಕದ ಕುರ್ಚಿ ಹಿಡಿದಳು. ದುಷ್ಯಂತ್ ಮುದ್ದೆ ಕಟ್ಟಿದ. ಒಂದೊಂದೂ ಒಂದೊಂದು ಗಾತ್ರ. ಕಲ್ಮೇಶ ಮೂರನೆಯ ರೊಟ್ಟಿಗೆ ಬರುವವರೆಗೂ ಬಾಯಿ ಬಿಡಲಿಲ್ಲ. ಬಿಟ್ಟಾಗ, "ವೈನಿ, ಕೈ ಕೊಡ್ರಿ ಇಲ್ಲೆ, ಕಣ್ಣಿಗೊತ್ಕೋತೀನಿ" ಎಂದ. ಬದರಿನಾಥ ಮೇಜಿನ ತುದಿಯಲ್ಲಿ ಅನ್ನ ತೊವ್ವೆ ಕಲಸಿಕೊಂಡು, ಎಲ್ಲರ ತಟ್ಟೆಯನ್ನೂ ತಾನೇ ಬೇಯಿಸಿದಷ್ಟು ಜಂಬದಿಂದ ನೋಡುತ್ತಿದ್ದ.

"ಆ ಪೀಸ್ ಇದೆಯಲ್ಲ ದುಷ್ಯಂತ್, ಅದು ಎಲ್ಲಕ್ಕಿಂತ ದೂರದ ಹೊಡೆತ. ಗಾಳಿ ಎಡಗಡೆಯಿಂದ..."

"ಭಾವ, ತಿನ್ನೋಕೆ ಬಿಡಿ."

ನಳಿನಿ ಕಾಲು ಚಾಚಿ ಕೂತಳು. ನೆಲ ಬೆಚ್ಚಗಿತ್ತು. ಸಾರಿಗೆ ಉಪ್ಪು ಒಂಚೂರು ಕಡಿಮೆಯಾಗಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

*

ಭಾನುವಾರ ಬೆಳಿಗ್ಗೆ ಅತಿಥಿಗಳು ಹೊರಟ ಮೇಲೆ ಬದರಿನಾಥ ಅಂಗಡಿಗೆ ಹೋಗಿ ತುಂಬಿದ ಸಿಲಿಂಡರ್ ತಂದ. ಸರಿಯಾಗಿ ತುಂಬಿದ್ದಾರೋ ಇಲ್ಲವೋ ಎಂದು ಬಾತ್‌ರೂಮಿನ ತೂಕದ ಯಂತ್ರದ ಮೇಲಿಟ್ಟು ನೋಡುತ್ತಿದ್ದಾಗ ಫೋನ್ ಬಂತು. ಪ್ರತಿ ಭಾನುವಾರ ಇದೇ ಹೊತ್ತಿಗೆ ರಾಜಲಕ್ಷ್ಮಿಯವರ ಫೋನ್. ಬದರಿನಾಥ ರಿಸೀವರ್ ಹಿಡಿದು ಅಡುಗೆಮನೆಗೆ ಬಂದ. ಹಿಮದ ಸಮಾಚಾರ ಹೇಳಿದ, ಶ್ರಾವಣಿಯ ಶಾಲೆಯ ಸಮಾಚಾರ ಹೇಳಿದ.

ನಳಿನಿ ನಿನ್ನೆ ಮಿಕ್ಕ ಸಾರನ್ನು ಬಿಸಿಗಿಟ್ಟಿದ್ದಳು, ದೊಡ್ಡ ಬರ್ನರಿನ ಮೇಲೆ.

"ಅಡುಗೆ? ಹೂಂ ಅಮ್ಮಾ, ಆಗ್ತಿದೆ... ಸಾರು." ಬದರಿನಾಥ ಒಲೆಯ ಕಡೆ ನೋಡಿದ. "ಯಾವ ಸಾರು ಅಂದ್ರೆ..."

ಅವನು ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ಹೆಂಡತಿಯ ಕಡೆ ತಿರುಗಿದ. ಪರೀಕ್ಷೆಯಲ್ಲಿ ಪಕ್ಕದವನ ಕಡೆ ನೋಡುವ ಹುಡುಗನ ಮುಖ. "ಯಾವ ಸಾರು ಅಂತ ಕೇಳ್ತಿದಾಳೆ. ನೀನೇ ಮಾತಾಡೇ."

ನಳಿನಿ ಉರಿ ಸಣ್ಣ ಮಾಡಿದಳು. ಕೈ ಒರೆಸಿಕೊಂಡಳು. ಫೋನ್ ಮಾತ್ರ ತೆಗೆದುಕೊಳ್ಳಲಿಲ್ಲ.

"ಹೊಡೆದವರದ್ದೇ ಜವಾಬ್ದಾರಿ" ಎಂದಳು. "ನೀವೇ ಹೇಳಿ."

ಬದರಿನಾಥ ಅಂಗೈ ತೆಗೆದ. ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಮೊದಲಿಂದ ಹೇಳ್ತೀನಿ, ಮಧ್ಯೆ ಬಾಯಿ ಹಾಕಬೇಡ" ಎಂದ. "ಇಲ್ಲೊಂದು ಕರಿಬೇವಿನ ಗಿಡ ಇತ್ತಲ್ಲ..."

ನಳಿನಿ ಎರಡು ತಟ್ಟೆ ತೆಗೆದು ಮೇಜಿನ ಮೇಲಿಟ್ಟು, ಊಟಕ್ಕೆ ಬಾರೇ ಎಂದು ಮಗಳನ್ನು ಕೂಗಿದಳು. ಮೈಸೂರಿನಿಂದ ಒಂದು ಕೂಗು ಬಂದು ಬದರಿನಾಥ ರಿಸೀವರನ್ನು ಕಿವಿಯಿಂದ ದೂರ ಹಿಡಿಯುವ ಹೊತ್ತಿಗೆ ಶ್ರಾವಣಿ ತನ್ನ ಕುರ್ಚಿಯಲ್ಲಿ ಕೂತಾಗಿತ್ತು.